ಗೇಟಿನ ಹಲಗೆಯ ಪದ

ಇಂಗ್ಲಿಷ್ ಪಾಠ ಮಾಡುವ ಓಬಳೇಶ್ ಮೇಷ್ಟ್ರಿಗೆ ಒಂದು ಚಟ ಇತ್ತು. ಬೀಡಿಯಲ್ಲ, ಇಸ್ಪೀಟಲ್ಲ, ಅಂಥದ್ದಾಗಿದ್ದರೆ ಜಗಳೂರಿನಲ್ಲಿ ಜೊತೆಗಾದರೂ ನಾಲ್ಕು ಜನ ಸಿಗುತ್ತಿದ್ದರು. ದಿನಾ ಬೆಳಿಗ್ಗೆ ತಮ್ಮ ಖಾಸಗಿ ಹೈಸ್ಕೂಲಿನ ಗೇಟಿನ ಪಕ್ಕದ ಹಲಗೆಯ ಮೇಲೆ ಯಾರೂ ಕೇಳಿರದ ಒಂದು ಇಂಗ್ಲಿಷ್ ಪದ ಬರೆಯುವುದು, ಅದರ ಅರ್ಥವನ್ನು ಸಂಜೆ ಶಾಲೆ ಬಿಡುವಾಗ ಹೇಳುವುದು. ಮಕ್ಕಳು ದಿನವೆಲ್ಲ ತಲೆ ಕೆರೆದುಕೊಳ್ಳಲಿ ಎಂಬುದು ಅವರ ಆಸೆ.

ಆ ಸೋಮವಾರ ಬರೆದ ಪದ ‘ಅಲ್ಟ್ರಾಕ್ರೆಪಿಡೇರಿಯನ್’. ತನಗೆ ಗಂಧಗಾಳಿಯೂ ಇಲ್ಲದ ವಿಷಯದ ಬಗ್ಗೆ ಎದೆಯುಬ್ಬಿಸಿ ಮಾತಾಡುವವನು ಎಂದರ್ಥ. ಬರೆದು, ಕೈ ಕೊಡವಿಕೊಂಡು ಕ್ಲಾಸಿಗೆ ಹೋದರು.

ಅವತ್ತೇ ಆಡಳಿತ ಮಂಡಳಿಯ ಅಧ್ಯಕ್ಷ ವಿರೂಪಾಕ್ಷಪ್ಪನವರ ಅರವತ್ತನೇ ಹುಟ್ಟುಹಬ್ಬ. ಹನ್ನೊಂದಕ್ಕೆ ಸನ್ಮಾನ. ವರ್ಷದ ಗುತ್ತಿಗೆಯ ಮೇಲಿದ್ದ ಓಬಳೇಶರ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದನ್ನೂ ಅದೇ ವೇದಿಕೆಯಲ್ಲಿ ಹೇಳುವವರಿದ್ದರು. ಗಣಿತದ ಮೇಷ್ಟ್ರು ಜೂನ್‌ನಲ್ಲೇ ಬಿಟ್ಟು ಹೋಗಿದ್ದರು. ಒಬ್ಬ ಮೇಷ್ಟ್ರಿಲ್ಲದೆಯೂ ಶಾಲೆ ನಡೆಯುತ್ತದೆ ಎಂದು ಅಧ್ಯಕ್ಷರು ಕಂಡುಕೊಂಡಿದ್ದರು.

ಎರಡು ಪೀರಿಯಡ್ ಮುಗಿಸಿ ಹೊರಗೆ ಬಂದರೆ ಗೇಟಿನ ಮೇಲೆ ಹನ್ನೆರಡು ಅಡಿಯ ಫ್ಲೆಕ್ಸ್. ಪೇಟ ತೊಟ್ಟ ವಿರೂಪಾಕ್ಷಪ್ಪ ಕೈಮುಗಿದು ನಿಂತಿದ್ದಾರೆ. ಅವರ ಪಾದದಡಿ, ಕೆಂಪಕ್ಷರದಲ್ಲಿ, ಅದೇ ಪದ! ಓಬಳೇಶ್ ಗೇಟಿನತ್ತ ಓಡಿ, ಇದೇನಿದು ಎಂದು ಕೇಳಿದರು.

ಏಣಿಯ ಮೇಲಿದ್ದ ಫ್ಲೆಕ್ಸ್ ಅಂಗಡಿಯ ತಿಪ್ಪೇರುದ್ರ ಸಮಾಧಾನವಾಗಿ ವಿವರಿಸಿದ. ಪಕ್ಕದ ಸೊಕ್ಕೆ ಊರಿನ ಶಾಲೆಯ ಅಧ್ಯಕ್ಷರಿಗೆ ಮೊನ್ನೆ ಫ್ಲೆಕ್ಸಿನಲ್ಲಿ ‘ವಿಷನರಿ’ ಎಂದು ಹಾಕಿದ್ದರಂತೆ. ತಮಗೆ ಅದಕ್ಕಿಂತ ಉದ್ದದ್ದು ಬೇಕೆಂದು ವಿರೂಪಾಕ್ಷಪ್ಪ ಹೇಳಿಕಳಿಸಿದ್ದರಂತೆ.

“ಅಧ್ಯಕ್ಷರ ಹುಟ್ಟಿದಬ್ಬದ ದಿನ ಅಧ್ಯಕ್ಷರ ಗೇಟಿನಾಗೆ ಬರ್ದಿದ್ದು ಇನ್ಯಾರಿಗೆ ಸಾರ್? ಫೋಟೋ ಹೊಡ್ಕೊಂಡು ಹೋದೆ,” ಅಂದ.

ಅರ್ಥ ಹೇಳಿದರೆ ಮಧ್ಯಾಹ್ನದೊಳಗೆ ತಾಲ್ಲೂಕಿಗೆಲ್ಲ ತಲುಪಿಸುವ ಆಸಾಮಿ. ಹೇಳದಿದ್ದರೆ ಫ್ಲೆಕ್ಸ್ ಬಿಚ್ಚುವವನಲ್ಲ. ಅಕ್ಷರ ತಪ್ಪಾಗಿದೆ ಎಂದು ಓಬಳೇಶ್ ಸುಳ್ಳು ಹೇಳಿ ನೋಡಿದರು. ಅವನು ಏಣಿ ಇಳಿದು, ಹಲಗೆಯ ಮುಂದೆ ನಿಂತು, ಒಂದೊಂದೇ ಅಕ್ಷರ ತಾಳೆ ನೋಡಿ, ಎಲ್ಲ ಸರಿಯಾಗಿದೆ ಎಂದು ಮತ್ತೆ ಏಣಿ ಹತ್ತಿದ.

ಅಷ್ಟರಲ್ಲಿ ಹೆಡ್‌ಮಿಸ್ ದುರ್ಗಾಂಬಿಕಾ ಬಂದರು. ಕೇಳಿದವರಿಗೆಲ್ಲ ನೆರಳು ಕೊಡುವವರು ಎಂದು ಇದರ ಅರ್ಥ, ತಾವು ಇದನ್ನು ಬಿ.ಎ.ಯಲ್ಲೇ ಓದಿದ್ದೇವೆ ಎಂದರು. ಕನ್ನಡ ಮೇಷ್ಟ್ರು ಗಾದ್ರಪ್ಪ ಒಪ್ಪಲಿಲ್ಲ. ಇದು ಹಳೇ ರಾಜರ ಬಿರುದು, ಶಾಸನಗಳಲ್ಲೇ ಬರುತ್ತದೆ ಎಂದರು. ಒಂದೇ ಗೇಟಿನ ಕೆಳಗೆ ಆ ಪದಕ್ಕೆ ಇಷ್ಟೊಂದು ಉದಾಹರಣೆ ಯಾವ ನಿಘಂಟಿನಲ್ಲೂ ಸಿಕ್ಕದು. ನಗು ಬರಬೇಕಾದ ಕಡೆ ಓಬಳೇಶರಿಗೆ ಅಳು ಬಂತು.

ಹನ್ನೊಂದಕ್ಕೆ ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಅಧ್ಯಕ್ಷರು ಮೈಕ್ ಹಿಡಿದು ಮೊದಲು ಮಳೆಯ ಬಗ್ಗೆ ಹವಾಮಾನ ಇಲಾಖೆಗೆ, ಆಮೇಲೆ ಮೊಣಕಾಲು ನೋವಿನ ಬಗ್ಗೆ ಡಾಕ್ಟರುಗಳಿಗೆ ಬುದ್ಧಿ ಹೇಳಿದರು. ಆಮೇಲೆ ತಿರುಗಿ, “ಓಬಳೇಶ್ ಮೇಷ್ಟ್ರೆ, ಬರ್ರಿ. ಆ ಪದದ ಅರ್ಥ ಏನು, ಯಾರ್‍ಯಾರಿಗೆ ಬಳಸ್ಯಾರೆ, ಎಲ್ಲಾ ಬಿಡಿಸಿ ಹೇಳ್ರಿ,” ಅಂದರು.

ಓಬಳೇಶ್ ಮೈಕ್ ಹಿಡಿದರು. ಮನೆ, ಮಕ್ಕಳು, ತಿಂಗಳ ಮೊದಲ ತಾರೀಖು ಎಲ್ಲ ಕಣ್ಣ ಮುಂದೆ ಬಂದವು.

“ಇದು ಇಂಗ್ಲಿಷ್ ಸಾಹಿತ್ಯದಾಗೆ ಇನ್ನೂರು ವರ್ಷದಿಂದ ಐತ್ರಿ. ಆಗಿನ ಕಾಲದ ಒಬ್ಬ ದೊಡ್ಡ ಲೇಖಕ ಇನ್ನೊಬ್ಬ ದೊಡ್ಡ ವಿಮರ್ಶಕನಿಗೆ ಕೊಟ್ಟ ಹೆಸರು. ತಾನು ಕಲ್ತಿದ್ದು ಇಷ್ಟೇ ಅಂತ ಗೆರೆ ಹಾಕ್ಕೊಂಡು ಕೂರದೆ, ಯಾವ ವಿಷಯ ಕೊಟ್ರೂ ಧೈರ್ಯವಾಗಿ ಮಾತಾಡೋರು ಅಂತ.”

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಚಪ್ಪಾಳೆ ಬಿತ್ತು. ವಿರೂಪಾಕ್ಷಪ್ಪನವರ ಕಣ್ಣು ಒದ್ದೆಯಾಯಿತು. ತಮ್ಮ ಶಾಲನ್ನೇ ತೆಗೆದು ಓಬಳೇಶರಿಗೆ ಹೊದಿಸಿ, ಅವರ ಕೆಲಸ ಮುಂದುವರಿಯುತ್ತದೆ ಎಂದು ಘೋಷಿಸಿದರು. ಕೈಮುಗಿದು ಇಳಿಯಹೊರಟ ಓಬಳೇಶರನ್ನು ಅಧ್ಯಕ್ಷರು ತಡೆದರು.

“ಇನ್ನೊಂದ್ಮಾತು. ಇಂಥಾ ಗುಣ ನನ್ನೊಬ್ಬನಿಗೇ ಇದ್ರೆ ಸಾಲದು, ನಮ್ಮ ಮೇಷ್ಟ್ರಿಗೂ ಬರ್ಬೇಕು. ನಾಳೆಯಿಂದ ಹತ್ತನೇ ಕ್ಲಾಸಿಗೆ ಗಣಿತಾನೂ ಓಬಳೇಶ್ ಮೇಷ್ಟ್ರೇ ಮಾಡ್ತಾರೆ.”

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂರು ಸಲ ಕೂತು, ಕೊನೆಯ ಸಲ ದೇವರ ದಯೆಯಿಂದ ಪಾಸಾಗಿದ್ದ ಓಬಳೇಶ್, ಶಾಲು ಹೊದ್ದು ಹಾಗೇ ನಿಂತಿದ್ದರು.

ಸಂಜೆ ಗೇಟಿನ ಹತ್ತಿರ ಹತ್ತನೇ ಕ್ಲಾಸಿನ ಮೇಘಶ್ರೀ ಪುಸ್ತಕ ತೆರೆದು ಕಾದಿದ್ದಳು.

“ಸಾರ್, ಸ್ಟೇಜಿನ ಮೇಲೆ ಹೇಳಿದ್ದು ಸರಿಯಾಗಿ ತಿಳೀಲಿಲ್ಲ. ಈ ಪದಕ್ಕೆ ಒಂದು ಉದಾಹರಣೆ ಕೊಡ್ರಿ.”

ಓಬಳೇಶ್ ಹಲಗೆ ಒರೆಸುತ್ತಾ ಹೇಳಿದರು: “ನಾಳೆ ಗಣಿತದ ಪೀರಿಯಡ್ ಐತಲ್ಲ, ತಪ್ಪಿಸ್ಬೇಡ.”