ಮೀನಿಗೆ ಸೆಡ್ಡು ಹೊಡೆದ ಅಗಸಿ ಹಿಂಡಿ

ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ನಮ್ಮ ಸೋದರತ್ತೆಗೆ ಮೀನಿನ ಬಗ್ಗೆ ಗೊತ್ತಿರುವಷ್ಟು ಮಂಗಳೂರಿನ ಮೀನುಗಾರರಿಗೂ ಗೊತ್ತಿರಲಿಕ್ಕಿಲ್ಲ! ನಂಬುವುದಿಲ್ಲವೇ? ಆ ಕಾಲದಲ್ಲಿ ಬಿಟಿಎಂ ಲೇಔಟಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇದಕ್ಕೆಲ್ಲ ಕಾರಣ ಜಯನಗರದ ಒಬ್ಬ ಹೃದಯದ ಡಾಕ್ಟರು. ಅತ್ತೆ, ಮಾಮ ಬಾಗಲಕೋಟೆಯಿಂದ ಬಂದು ಬಾಡಿಗೆ ಮನೆ ಹಿಡಿದು ವರ್ಷ ತುಂಬುವುದರೊಳಗೆ ಮಾಮನಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದರು, ನಿಜ. ಆದರೆ ಆಮೇಲೆ ಮಾಮ ಸುಮ್ಮನೆ ಕೆಮ್ಮಿದರೂ ಅತ್ತೆ ಒಲೆ ಆರಿಸಿ ಓಡಿಬರುತ್ತಿದ್ದರು. ಹೀಗಿರುವಾಗ ಡಾಕ್ಟರು, "ಮಾತ್ರೆ ಜೊತೆ ವಾರಕ್ಕೆರಡು ಸಲ ಮೀನು ತಿನ್ನಿ ಸಾರ್, ಹಾರ್ಟಿಗೆ ಒಳ್ಳೇದು" ಎಂದುಬಿಟ್ಟರು.

ಮಾಮ ತಲೆ ತಗ್ಗಿಸಿದರು. ಅತ್ತೆ ಮಾತ್ರ ಕುರ್ಚಿಯಿಂದ ಮುಂದೆ ಬಾಗಿದರು. "ಅದರಾಗ ಅಂಥಾದ್ದೇನೈತ್ರಿ, ನಮ್ಮ ಅಡಗಿಮನ್ಯಾಗ ಇಲ್ಲದ್ದು?"

"ಒಮೇಗಾ ತ್ರೀ ಅನ್ನೋ ಒಳ್ಳೇ ಕೊಬ್ಬು, ಅಮ್ಮ."

ಅವತ್ತಿನಿಂದ ಒಮೇಗಾ ತ್ರೀ ಅತ್ತೆಗೆ ಸವತಿಯಾಯಿತು!

ಮರುದಿನವೇ ನನ್ನನ್ನೂ ಎಳೆದುಕೊಂಡು ಮಡಿವಾಳದ ಮೀನಂಗಡಿಗೆ ನಡೆದರು. ಮೂಗಿನ ಮೇಲೆ ಸೆರಗು, ಕಣ್ಣು ಮೀನಿನ ಮೇಲೆ.

"ತಮ್ಮಾ, ಇವು ಏನ್ ತಿಂದು ಬೆಳಿತಾವು?"

ಅಂಗಡಿಯವನು ಕಕ್ಕಾಬಿಕ್ಕಿಯಾದ. "ಪಾಚಿ, ಚಿಕ್ಕ ಮೀನು... ಸಿಕ್ಕಿದ್ದು ತಿಂತವೆ ಆಂಟಿ. ನಿಮಗೆಷ್ಟು ಕೊಡ್ಲಿ?"

"ನನಗ ಬ್ಯಾಡಪಾ, ಬರೇ ವಿಚಾರಸಾಕ ಬಂದೀನಿ."

ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ!

ಅಲ್ಲಿಂದ ಸೀದಾ ಬ್ರೌಸಿಂಗ್ ಸೆಂಟರಿಗೆ. ಅಕ್ಕಪಕ್ಕದ ಹುಡುಗರು ಚಾಟಿಂಗಿನಲ್ಲಿ ಮುಳುಗಿದ್ದರೆ, ಅತ್ತೆ ನನ್ನಿಂದ ಒಂದೊಂದೇ ಕಾಳಿನ ಹೆಸರು ಟೈಪ್ ಮಾಡಿಸಿದರು. ಜೋಳ ಸೋತಿತು. ಹೆಸರುಕಾಳು ಸೋತಿತು. ಶೇಂಗಾ ಸೋತಾಗ ಅತ್ತೆಯ ಮುಖ ನೋಡಲಾಗಲಿಲ್ಲ. ಕೊನೆಗೆ ಬಂತು ನೋಡಿ ಅಗಸೆ ಬೀಜ! ಪರದೆಯ ಮೇಲೆ ಒಮೇಗಾ ತ್ರೀ ಕಂಡದ್ದೇ ತಡ, "ಗೆದ್ವಿ ನೋಡು!" ಎಂದು ಅತ್ತೆ ಕೂಗಿದರು. ಆ ರಭಸಕ್ಕೇ ಕರೆಂಟು ಹೋಯಿತೆಂದು ಸೆಂಟರಿನವನು ಬಹಳ ದಿನ ಹೇಳಿಕೊಂಡು ತಿರುಗಿದ.

ಮುಂದಿನ ತಪಾಸಣೆಗೆ ಅತ್ತೆ ಬರಿಗೈಲಿ ಹೋಗಲಿಲ್ಲ. ಅಗಸೆ ಬೀಜ ಹುರಿದು, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದರು. ಡಾಕ್ಟರು ಅಂಗೈಗೆ ಚೂರು ಹಾಕಿಕೊಂಡು ನೆಕ್ಕಿ, ಕಣ್ಣೊರೆಸಿಕೊಂಡರು.

"ಮೀನಲ್ಲಿರೋದು ಬೇರೆ ಥರದ್ದಮ್ಮ, ಎರಡೂ ಒಂದೇ ಅಲ್ಲ. ಆದ್ರೆ ಮೀನು ತಿನ್ನದವರಿಗೆ ಇದು ಒಳ್ಳೇದೇ. ಉಪ್ಪು, ಖಾರ ಕಮ್ಮಿ ಮಾಡಿ, ಮಾತ್ರೆ ಮಾತ್ರ ಬಿಡ್ಬೇಡಿ."

ಅತ್ತೆಯ ಕಿವಿಗೆ ಬಿದ್ದದ್ದು "ಒಳ್ಳೇದೇ" ಎಂಬುದಷ್ಟೇ! ಕಾಂಪೌಂಡರನಿಗೆ ಹೇಳಿದರು, ಹೊರಗೆ ಕಾಯುತ್ತಿದ್ದ ರೋಗಿಗಳಿಗೆಲ್ಲ ಹೇಳಿದರು. ಚುನಾವಣೆ ಗೆದ್ದವರಿಗೂ ಅಂಥ ನಡಿಗೆ ಇರುವುದಿಲ್ಲ.

ಮಾಮ ಆಟೋ ನಿಲ್ಲಿಸಲು ಮುಂದೆ ಹೋದಾಗ ನಾನು ಕೆಣಕಿದೆ. "ಅತ್ತಿ, ಅಗಸಿನೂ ಸೋತಿದ್ರ ಏನ್ ಮಾಡ್ತಿದ್ರಿ?"

ಅತ್ತೆಯ ನಗು ನಿಂತಿತು. "ಹಿತ್ತಲದಾಗ ಸ್ಟೋ ಹಚ್ಚಿ ಮೀನ ಬೇಯಿಸ್ತಿದ್ದೆ. ಅದಕ್ಕಂತನ ಹೊಸಾ ಗಡಿಗಿ ತಂದಿಟ್ಟೀನಿ."

ಅತ್ತೆ, ರಸ್ತೆಯಂಚಿನಲ್ಲಿ ಕೈಯೆತ್ತಿ ನಿಂತಿದ್ದ ಮಾಮನನ್ನೇ ನೋಡುತ್ತ ಮೆಲ್ಲಗೆ ಅಂದರು:

"ಒಬ್ಬರೇ ತಿನ್ರಿ ಅಂದ್ರ ನಿಮ್ಮ ಮಾಮಾ ತಿಂತಿದ್ದಿಲ್ಲ. ನಾನೂ ಜೋಡಿ ಕುಂತು ತಿಂತಿದ್ದೆ."