ಚಿಗವ್ವನ ಅಡುಗೆ ತಂತಿ

ನನ್ನ ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ, ಜನ್ಮದಲ್ಲಿ ಒಮ್ಮೆಯೂ ಗಡಿಯಾರ ನೋಡಿ ಒಲೆ ಹಚ್ಚಿದವಳಲ್ಲ! ಗಡಿಯಾರ ನೋಡಲು ಬರುತ್ತಿರಲಿಲ್ಲವೇ ಎಂದು ಕೇಳಬೇಡಿ, ಚೆನ್ನಾಗಿಯೇ ಬರುತ್ತಿತ್ತು. ಅದರ ಮೇಲೆ ನಂಬಿಕೆ ಇರಲಿಲ್ಲ, ಅಷ್ಟೆ. "ಅದು ಸುಮ್ನೆ ಟಿಕ್ ಟಿಕ್ ಅಂತೈತೆ. ಗಾಡಿ ಲೇಟಾಗಿದ್ದು ಅದಕ್ಕೇನು ಗೊತ್ತು?" ಎನ್ನುತ್ತಿದ್ದಳು.

ಇದು ಐವತ್ತರ ದಶಕದ ಕೊನೆಯ ಮಾತು. ಚಿಗಪ್ಪ ಹರಿಹರ ಸ್ಟೇಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಆಳೆತ್ತರದ ಲಿವರ್ ಹಿಡಿಗಳನ್ನು ಎಳೆಯುವ ಕೆಲಸದಲ್ಲಿದ್ದರು. ನಾನು ಅವರ ಕ್ವಾರ್ಟರ್ಸಿನಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ದಾವಣಗೆರೆಯ ಕಾಲೇಜಿಗೆ ಹೋಗಿ ಬರುತ್ತಿದ್ದೆ. ರೈಲಿನಲ್ಲಿ ಕೂತವರಿಗೆ ಕಾಣುವುದು ಸಿಗ್ನಲ್ ಕಂಬದ ಮೇಲಿನ ಕೆಂಪು ಕೈ ಮಾತ್ರ. ಆ ಕೈ ತಾನಾಗಿಯೇ ಬಾಗುತ್ತದೆಯೇ? ಕ್ಯಾಬಿನ್ನಿನ ಲಿವರಿನಿಂದ ಹೊರಟ ಉಕ್ಕಿನ ತಂತಿ, ಹುಲ್ಲಿನಲ್ಲಿ ಅಡಗಿದ ಪುಟ್ಟ ರಾಟೆಗಳ ಮೇಲೆ ಹರಿದು, ದೂರದ ಕಂಬದ ತನಕ ಹೋಗಿ ಆ ಕೈಯನ್ನು ಜಗ್ಗುತ್ತದೆ. ಅದಕ್ಕೂ ಮೊದಲು ಹಳಿ ಜೋಡಿಸುವ ಲಿವರ್ ಎಳೆದಿರಬೇಕು. ಇಲ್ಲದಿದ್ದರೆ ಸಿಗ್ನಲಿನ ಲಿವರ್ ಏನು ಮಾಡಿದರೂ ಅಲುಗುವುದಿಲ್ಲ, ಅಲ್ಲಿ ಒಂದಕ್ಕೊಂದು ಬೀಗ! ಚಿಗವ್ವನ ಅಡುಗೆಮನೆಯಲ್ಲೂ ಇದೇ ಕಾನೂನು: ಕಾಲು ತೊಳೆಯದೆ ತಟ್ಟೆ ಅಲುಗುತ್ತಿರಲಿಲ್ಲ.

ಆ ತಂತಿಗಳು ಹೋಗುತ್ತಿದ್ದದ್ದು ಅವಳ ಅಡುಗೆಮನೆಯ ಹಿಂದೆಯೇ, ಕಿಟಕಿಯಿಂದ ಎರಡು ಮಾರು ದೂರದಲ್ಲಿ. ಬೆಳಗಿನ ಗೂಡ್ಸಿಗೆ ತಂತಿ ಕಿರ್ರ್ ಎಂದರೆ ಅಕ್ಕಿ ಒಲೆಯ ಮೇಲೆ. ಪ್ಯಾಸೆಂಜರಿಗೆ ಕಿರ್ರ್ ಎಂದರೆ ನನ್ನ ಬುತ್ತಿ ಕಟ್ಟುವ ಹೊತ್ತು. ಗಾಡಿ ತಡವಾದರೆ ಅನ್ನವೂ ತಡ. ಒಂದು ದಿನ ಅನ್ನ ಕಲ್ಲಿನಂತಿತ್ತು. ಯಾಕೆ ಎಂದು ಕೇಳಿದೆ.

"ಇವತ್ತು ನಿಮ್ಮ ಚಿಗಪ್ಪಂಗೆ ರಜಾ. ಡ್ಯೂಟಿ ಮೇಲಿರೋನು ಹೊಸಬ. ಅವ್ನ ಎಳೆತ ನನಗೆ ತಿಳಿಯಂಗಿಲ್ಲ!"

ತಪ್ಪು ಯಾರದ್ದು ನೋಡಿದಿರಾ? ಅನ್ನ ಬೇಯದ್ದಕ್ಕೂ ರೈಲ್ವೆಯವರೇ ಹೊಣೆ!

ನಾನೋ ಅವಸರದ ಮನುಷ್ಯ. "ಚಿಗವ್ವ, ಹೊತ್ತಾಯ್ತು, ಗಾಡಿ ಬಂದುಬಿಡ್ತೈತೆ" ಎಂದು ಚಡಪಡಿಸಿದರೆ, "ಕೂಡ್ರು, ಇನ್ನೊಂದು ರೊಟ್ಟಿ ಉಣ್ಣು. ತಂತಿ ಇನ್ನಾ ಮಲಗೈತೆ" ಎನ್ನುತ್ತಿದ್ದಳು. ಒಮ್ಮೆ ಮಾತು ಕೇಳದೆ ಓಡಿದೆ. ಮುಕ್ಕಾಲು ಗಂಟೆ ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲು ಕಾಯಿಸಿದೆ. ಆ ರೊಟ್ಟಿ ಹೋಯಿತಲ್ಲ ಎಂಬ ಸಂಕಟ ಬೇರೆ!

ಪಕ್ಕದ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಗುಮಾಸ್ತರ ಹೆಂಡತಿ ಆ ತಂತಿಯ ಮೇಲೆ ಒದ್ದೆ ಸೀರೆ ಹರವಿದಾಗ ಚಿಗವ್ವ ಸೌಟು ಹಿಡಿದೇ ಓಡಿದಳು. "ಅದು ಬಟ್ಟೆ ಒಣಗ್ಸೋ ತಂತಿ ಅಲ್ರೀ! ಅದು ಅಡುಗೆ ತಂತಿ!" ಆಕೆ ಕಂಗಾಲಾಗಿ, ಹರಿಹರದಲ್ಲಿ ಅಡುಗೆಗೂ ತಂತಿ ಬೇಕೇ ಎಂದು ಗಂಡನನ್ನು ಕೇಳಿದಳಂತೆ.

ಇನ್ನೊಂದು ಬೇಸಿಗೆಯ ಮಧ್ಯಾಹ್ನವಂತೂ ಮರೆಯುವ ಹಾಗಿಲ್ಲ. ಚಿಗವ್ವ ಹಿಟ್ಟಿನ ಕೈಯಲ್ಲೇ ಹೋಗಿ ಕ್ಯಾಬಿನ್ನಿನ ಕೆಳಗೆ ನಿಂತಳು. "ಏನ್ರೀ, ಔಟರ್ ತಂತಿ ಸಡಿಲಾಗೈತೆ. ಬಿಸಿಲಿಗೆ ಉದ್ದ ಆಗೈತೆ, ಬಿಗೀರಿ!" ಚಿಗಪ್ಪನಿಗೆ ಮೂಗಿನ ತುದಿಗೆ ಕೋಪ. "ನೀ ಮೊದ್ಲು ಮನೆಗೆ ಹೋಗು!" ಅಷ್ಟರಲ್ಲಿ ತುಂಗಭದ್ರೆಯ ಸೇತುವೆಯ ಆಚೆಯಿಂದ ಎಂಜಿನ್ ಕೂಗತೊಡಗಿತು. ಊರ ಹೊರಗಿನ ಔಟರ್ ಸಿಗ್ನಲಿನ ಕೈ ಅರ್ಧಕ್ಕೆ ಬಾಗಿ ನಿಂತಿತ್ತು. ಬಾ ಎನ್ನುತ್ತಿದೆಯೋ ಬೇಡ ಎನ್ನುತ್ತಿದೆಯೋ ಡ್ರೈವರಿಗೆ ತಿಳಿಯದು! ಸ್ಟೇಷನ್ ಮಾಸ್ತರರು ಹೊರಗೆ ಬಂದು ನಕ್ಕರು: "ನಿಮ್ಮ ಮನೆಯವ್ರನ್ನೇ ಕ್ಯಾಬಿನ್‌ಗೆ ಹಾಕೋಣ. ನೀವು ಮನೇಲಿ ರೊಟ್ಟಿ ಬಡೀರಿ."

ಇಂಥವಳ ಮುಂದೆ ದಾವಣಗೆರೆಯ ಮಾತು ಬಂತು. ಅಲ್ಲಿನ ಪಾರ್ಸಲ್ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಖಾಲಿಯಾಗಿತ್ತು. ಬೇಕಾದರೆ ಸೋಮವಾರದೊಳಗೆ ಬರೆದುಕೊಡಿ ಎಂದಿದ್ದರು ಮಾಸ್ತರರು. ಪಿ.ಜೆ. ಬಡಾವಣೆಯಲ್ಲಿ ಬಾಡಿಗೆ ಮನೆಯೂ ಸಿಗುವಂತಿತ್ತು, ನಲ್ಲಿ ನೀರು, ಕರೆಂಟು ದೀಪ. ಚಿಗಪ್ಪ ಮೀಸೆ ತಿರುವಿದರು. "ನಾನು ಲಿವರ್ ಬಿಟ್ಟು ಮೂಟೆ ಎಣಿಸಲಾ? ಮುದುಕ ಆದ್ನೇನು?" ಚಿಗವ್ವ ತಲೆ ಎತ್ತಲಿಲ್ಲ. "ಅಲ್ಲಿ ತಂತಿ ಐತೇನು? ಇಲ್ಲಾಂದ್ರೆ ನನಗೂ ಬ್ಯಾಡ" ಎಂದಳು. ನಾನು ಅವಳ ಹುಚ್ಚಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಭಾನುವಾರ ಬೆಳಿಗ್ಗೆ ಎದ್ದವಳೇ ಮಾತು ತಿರುಗಿಸಿದಳು! "ನನಗೆ ಈ ತಂತಿ ಕಿರಿಕಿರಿ ಸಾಕಾಗೈತೆ. ಬಾವಿ ಸೇದಿ ರಟ್ಟೆ ಬಿದ್ದೋಗೈತೆ. ನಲ್ಲಿ ಇರೋ ಮನೆ ಬೇಕು. ಇಲ್ಲಾಂದ್ರೆ ತವರಿಗೆ ಹೋಗ್ತೀನಿ." ಚಿಗಪ್ಪ ಹೌಹಾರಿದರು, ಬೈದರು, ಒಂದು ಹೊತ್ತು ಊಟ ಬಿಟ್ಟರು. ಅವಳು ತವರೂರು ಕೊಕ್ಕನೂರಿಗೆ ಹೊರಡಲು ಗಂಟು ಕಟ್ಟಿಯೇ ಬಿಟ್ಟಳು. ಸೋಮವಾರ ಅವರು ಗೊಣಗುತ್ತಲೇ ಬರೆದುಕೊಟ್ಟು ಡ್ಯೂಟಿಗೆ ಹೋದರು.

ನಾನು ಅಡುಗೆಮನೆಗೆ ಹೋಗಿ ಕೇಳಿದೆ. "ಅಲ್ಲ ಚಿಗವ್ವ, ನಲ್ಲಿ ನೀರಿಗೋಸ್ಕರ ತಂತಿ ಬಿಡ್ತೀಯಾ? ಅಡುಗೆ ಹೆಂಗೆ ಮಾಡ್ತೀಯ?"

ಅವಳು ಬಾಯಿಗೆ ಬೆರಳಿಟ್ಟು ಕಿಟಕಿಯತ್ತ ತೋರಿಸಿದಳು. ಹತ್ತಿರದ ಸಿಗ್ನಲಿನ ತಂತಿ ಸರಾಗವಾಗಿ ಹರಿಯಿತು. ಆಮೇಲೆ ಔಟರಿನದು. ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಭಾರದ್ದು. ಕಿರ್ರ್ ಎಂದು ಅರ್ಧಕ್ಕೆ ಬಂದು ನಿಂತಿತು. ಹಿಂದಕ್ಕೆ ಜಾರಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಕಿರ್ರ್ ಎಂದು ಪೂರ್ತಿ ಹರಿಯಿತು.

"ಇಪ್ಪತ್ತು ವರ್ಷ ನಿಮ್ಮ ಚಿಗಪ್ಪ ಒಂದೇ ಎಳೆತಕ್ಕೆ ಎಳೀತಿದ್ರು. ಯುಗಾದಿಯಿಂದ ಎರಡಾಗೈತೆ. ನಡುವೆ ನಿಂತು ಉಸಿರು ತಗೋತಾರೆ" ಎಂದಳು. "ಮೊನ್ನೆ ನಾನೂ ಬ್ಯಾಡ ಅಂದೆ, ಆಮೇಲೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಅವ್ರು ಮನೇಲಿ ಒಂದು ಮಾತು ಆಡಿಲ್ಲ. ಕೇಳಿದ್ರೆ ಒಪ್ಪೋ ಮನುಷ್ಯ ಅಲ್ಲ, ಎದೆ ಒಡಕೊಂತಾರೆ. ನೀನೂ ಹೇಳಬ್ಯಾಡ."

ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು, ಅಳುವೂ ಬಂತು.

ಕ್ವಾರ್ಟರ್ಸ್ ಬಿಟ್ಟ ದಿನ ಸಾಮಾನು ಹೇರಿಸುತ್ತ ಚಿಗಪ್ಪ ಎದೆಯುಬ್ಬಿಸಿ ಎಲ್ಲರಿಗೂ ಹೇಳುತ್ತಿದ್ದರು: "ನನಗಿನ್ನಾ ಹತ್ತು ವರ್ಷ ಲಿವರ್ ಎಳೆಯೋ ತಾಕತ್ತು ಐತೆ. ಏನ್ ಮಾಡ್ಲಿ, ಇವಳ ನಲ್ಲಿ ಹುಚ್ಚು!"

ಚಿಗವ್ವ ಸೆರಗು ಸರಿಮಾಡಿಕೊಂಡು ಎಲ್ಲರೆದುರು ತಲೆ ತಗ್ಗಿಸಿದಳು. "ಹೌದ್ರೀ, ನಂದೇ ಹಠ" ಎಂದಳು.