ಬೋಗಾದಿ ಮನೆಗೆ ಎಮರ್ಜೆನ್ಸಿ ಲೈಟು

ಮನೆ ಕಟ್ಟಿಸುವವರಿಗೆ ತಮಾಷೆಯ ಪ್ರಸಂಗಗಳು ತಾವಾಗಿಯೇ ಬಂದು ಒದಗುತ್ತವೆ. ಒದಗಿದ ಹೊತ್ತಿನಲ್ಲಿ ನಗು ಬರುವುದಿಲ್ಲ, ಅಷ್ಟೇ. ವಿದೇಶಿ ಪ್ರವಾಸಿಗರನ್ನು ಊರೂರು ಸುತ್ತಿಸುವುದು ನನ್ನ ಕೆಲಸ. ಒಂದೇ ಊರಿನಲ್ಲಿ ಮೂರು ತಿಂಗಳು ಕೂತರೆ ಅಂಗಾಲು ಕೆರೆಯಲು ಶುರುವಾಗುತ್ತದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಬೋಗಾದಿಯಲ್ಲಿ ಒಂದು ಪುಟ್ಟ ಮನೆ ಕಟ್ಟಿಸಲು ಹೋಗಿ ಸಿಕ್ಕಿಹಾಕಿಕೊಂಡೆ. ಬಾಡಿಗೆಯವರ ಕೈಗೆ ಬೀಗದ ಕೈ ಕೊಡದೆ ಊರು ಬಿಡುವಂತಿಲ್ಲ. ಹದಿನೈದು ದಿನದಲ್ಲಿ ಹೊರಡದಿದ್ದರೆ ನನ್ನ ಪ್ರವಾಸಿಗರ ಗುಂಪು ಬೇರೆಯವರ ಪಾಲು. ಕೆಲಸವೇನೋ ಕೊನೆಗೆ ಬಂದಿತ್ತು, ಮೀಟರು ಮಾತ್ರ ಬಂದಿರಲಿಲ್ಲ. ನಡುಮನೆ, ಬಚ್ಚಲು ಹಗಲಲ್ಲೇ ಕತ್ತಲು. ಕೆಲಸದವರಿಗೆ ಚಾರ್ಜ್ ಮಾಡುವ ಲೈಟು ಬೇಕು, ಅದೂ ಕಮ್ಮಿ ಬೆಲೆಯದು. ಇದರಲ್ಲೇನು ಕಷ್ಟ ಅಂದುಕೊಂಡೆ.

೧. ಬಾಯಳತೆ

ಪ್ಲಂಬರನ್ನು ಕರೆದುಕೊಂಡು ಶಿವರಾಂಪೇಟೆಯ ಒಂದು ಅಂಗಡಿಗೆ ಹೋದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ನಾನು ವಿಚಾರಿಸುತ್ತಿದ್ದರೆ, ಆತ ಒಂದೊಂದೇ ಟಾರ್ಚನ್ನು ಎತ್ತಿ ಬಾಯಲ್ಲಿ ಕಚ್ಚಿ, ಕತ್ತು ಅತ್ತಿತ್ತ ತಿರುಗಿಸಿ ನೋಡಿ, ಕೆಳಗಿಡುತ್ತಿದ್ದ. ಎರಡು ಕೈಯೂ ಪೈಪಿನ ಮೇಲಿರುವಾಗ ಟಾರ್ಚಿಗೆ ಉಳಿಯುವುದು ಬಾಯೊಂದೇ. ನಾಲ್ಕನೆಯದನ್ನು ಕಚ್ಚಿದಾಗ ಅಂಗಡಿಯವರು ತಡೆಯಲಾರದೆ, “ರೀ ಸ್ವಾಮಿ, ಅದೇನು ಕಬ್ಬಾ?” ಅಂದರು.

ತಲೆಗೆ ಪಟ್ಟಿ ಕಟ್ಟಿಕೊಳ್ಳುವ ಲೈಟೂ ಒಂದಿತ್ತು, ಹೆಚ್ಚುಕಮ್ಮಿ ಅದೇ ಬೆಲೆಗೆ. ಯಾವುದೋ ದೇಶದ ಗುಹೆ ಹೊಕ್ಕಾಗ ನಾನೇ ಅಂಥದ್ದನ್ನು ಕಟ್ಟಿಕೊಂಡಿದ್ದೆ. “ಇದು ತಗೊಳ್ಳಿ, ಬಾಯಿ ಖಾಲಿ ಇರುತ್ತೆ” ಅಂದೆ.

“ಅದೇ ತೊಂದ್ರೆ ಕಣಮ್ಮ,” ಅಂದ. “ಬಾಯಿ ಖಾಲಿ ಇದ್ರೆ, ಯಾವಾಗ ಮುಗೀತದೆ ಅಂತ ಮನೆ ಕಟ್ಟಿಸೋರು ಕೇಳ್ಬುಡ್ತಾರೆ.”

೨. ಪಕ್ಕದ ಮನೆಯ ಪರೀಕ್ಷೆ

ಪೇಂಟರಿಗಾಗಿ ಅದೇ ಅಂಗಡಿಯಲ್ಲಿ ಎರಡು ಟ್ಯೂಬಿನ ಎಮರ್ಜೆನ್ಸಿ ಲೈಟು ಕೊಂಡೆ. “ಗ್ಯಾರಂಟಿ ಎಷ್ಟು ದಿನ?” ಎಂದು ಕೇಳಿದ್ದಕ್ಕೆ, “ನಮ್ಮ ಮೆಟ್ಟಿಲು ಇಳಿಯೋವರ್ಗೂ, ಮೇಡಂ” ಎಂದು ಅಂಗಡಿಯವರು ಪ್ರಾಮಾಣಿಕವಾಗಿ ಹೇಳಿದ್ದರು. ನಮ್ಮಲ್ಲಿ ಕರೆಂಟಿಲ್ಲವಲ್ಲ, ಚಾರ್ಜಿಗೆ ಪಕ್ಕದ ಮನೆಗೆ ಕೊಡುತ್ತಿದ್ದೆ. ಬಡಾವಣೆ ಆಗುವ ಮೊದಲು ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಮನೆತನ, ಒಳ್ಳೆಯ ಜನ. ಆದರೆ ಬೆಳಗ್ಗೆ ಲೈಟು ತಂದು ಹಾಕಿದರೆ ಹತ್ತು ನಿಮಿಷಕ್ಕೆ ಕೆಂಪಗಾಗಿ ಆರಿಹೋಗುತ್ತಿತ್ತು. ನಾಲ್ಕು ದಿನ ಅಂಗಡಿಯವರನ್ನು ಬೈದುಕೊಂಡೆ. ಐದನೆಯ ದಿನ ಪಕ್ಕದ ಮನೆಯಾಕೆಯನ್ನೇ ಕೇಳಿದೆ.

“ಇದು ಚಾರ್ಜೇ ಆಗ್ತಿಲ್ವೇನಮ್ಮ?”

“ಯಾಕಾಗಲ್ಲ? ದಿನಾ ಹಾಕಿ ನೋಡೇ ಕಳಿಸ್ತೀನಿ.”

“ಎಷ್ಟು ಹೊತ್ತು ಹಾಕಿ ನೋಡ್ತೀರಿ?”

“ಆರಿಹೋಗೋವರ್ಗೂ. ನಿನ್ನೆ ಪೂರಾ ಮೂರು ಗಂಟೆ ಬಂತು. ಒಳ್ಳೆ ಮಾಲು ಕಣಮ್ಮ, ಎಲ್ಲಿ ತಗೊಂಡ್ರಿ?”

೩. ಜೇಬಿನ ಟ್ಯೂಬು

ಮಾರನೆಯ ದಿನ ಅವರ ಜಗಲಿಯಲ್ಲಿ ನಾನೇ ಕಾವಲು ಕೂತು ಚಾರ್ಜ್ ಮಾಡಿಸಿದೆ. ಲೈಟು ನಡುಮನೆಯನ್ನು ಬೆಳ್ಳಗೆ ಬೆಳಗಿತು. ಪೇಂಟರ್ ಗೋಡೆ ನೋಡಿದ, ಲೈಟು ನೋಡಿದ, ಒಂದು ಟ್ಯೂಬು ಬಿಚ್ಚಿ ಜೇಬಿಗೆ ಹಾಕಿಕೊಂಡ.

“ಯಾಕ್ರೀ?”

“ಗೋಡೆ ಉಬ್ಬು ತಗ್ಗೆಲ್ಲ ಎದ್ದು ಕಾಣ್ತಾವೆ, ಮೇಡಂ. ಗಾರೆಯವ್ನು ಮಾಡಿರೋದು.”

“ಕಾಣಲಿ. ಪುಟ್ಟಿ ಹಾಕಿ, ತಿಕ್ಕಿ ಸರಿ ಮಾಡಿ.”

“ಮಾಡಾಣ. ಒಂದು ಟ್ಯೂಬಲ್ಲಿ ಆದ್ರೆ ಒಂದು ವಾರದ ಕೆಲಸ. ಎರಡಲ್ಲಾದ್ರೆ ದೀಪಾವಳಿ ಆಯ್ತದೆ. ಎಂಗೆ ಮಾಡ್ಲಿ ಹೇಳಿ.”

ಆಗಿನ್ನೂ ಜೂನ್ ತಿಂಗಳು. ನಾನು ಹೊರಡುವ ದಿನವನ್ನು ಬೆರಳಲ್ಲಿ ಎಣಿಸಿ ನೋಡಿ, “ಟ್ಯೂಬು ಜೇಬಲ್ಲೇ ಇರಲಿ ಬಿಡಿ” ಅಂದೆ.

೪. ಮನೆ ತೋರಿಸಿದ್ದು

ಹೊರಡಲು ಮೂರೇ ದಿನವಿತ್ತು. ಒಬ್ಬ ಕಾಲೇಜು ಮೇಷ್ಟ್ರು ತಾಯಿಯನ್ನು ಕರೆದುಕೊಂಡು ಸಂಜೆ ಬಾಡಿಗೆಗೆ ಮನೆ ನೋಡಲು ಬಂದರು. ನನ್ನನ್ನು ಪಕ್ಕಕ್ಕೆ ಕರೆದು, “ವಿದ್ಯಾರಣ್ಯಪುರಂನಿಂದ ರಾಜೀವನಗರದವರೆಗೆ ಒಂಬತ್ತು ಮನೆ ನೋಡಿದ್ದಾಯ್ತು, ಅಮ್ಮ ಒಂದನ್ನೂ ಒಪ್ಪಿಲ್ಲ. ಅವರು ಹ್ಞೂಂ ಅಂದ್ರೆ ಸಾಕು, ಬೇರೆ ಮಾತೇ ಇಲ್ಲ” ಅಂದರು. ಅಮ್ಮ ಆಗಲೇ ಸೆರಗು ಸರಿಪಡಿಸಿಕೊಂಡು ಒಳಗೆ ಕಾಲಿಟ್ಟಿದ್ದರು.

ನಾನು ಹೇಳುವ ಮೊದಲೇ ಪೇಂಟರ್ ಬಲಗೈಯಲ್ಲಿ ಲೈಟು ಎತ್ತಿಕೊಂಡ. ಎಡಗೈಯಲ್ಲಿ ಪುಟ್ಟಿಯ ತಟ್ಟೆ ಹಾಗೇ ಇತ್ತು. ಬಾಗಿಲ ಚೌಕಟ್ಟು ಚೆನ್ನಾಗಿತ್ತು, ಅದರ ಸುತ್ತ ಬೆಳಕನ್ನು ನಿಧಾನವಾಗಿ ಒಂದು ಸುತ್ತು ತಂದ. ಗೋಡೆ ಬಂದಾಗ ಸರಕ್ಕನೆ ನೆಲಕ್ಕಿಳಿಸಿದ. ನೆಲವೂ ಚೆನ್ನಾಗಿತ್ತು. ಹೀಗೆ ಚೆನ್ನಾಗಿದ್ದುದರ ಮೇಲೆ ತಂಗುತ್ತ, ಉಳಿದದ್ದನ್ನು ಹಾರಿಸುತ್ತ ದೇವರ ಕೋಣೆಗೆ ಬಂದ. ಇಡೀ ಮನೆಯಲ್ಲಿ ನೆಟ್ಟಗಿದ್ದ ಗೋಡೆ ಅದೊಂದೇ. ಅದಕ್ಕೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಮೂರು ಸಲ ಲೈಟು ತೋರಿಸಿದ.

ತಿರುಗಿ ನೋಡುತ್ತೇನೆ, ಅಮ್ಮ ಕಣ್ಣು ಅರೆಮುಚ್ಚಿ ಕೈಮುಗಿದು ನಿಂತಿದ್ದಾರೆ. ಹೊಸಿಲು ಕಾಣಲೆಂದು ಪೇಂಟರ್ ಲೈಟನ್ನು ಅವರ ಹತ್ತಿರ ಹಿಡಿದ. ಅವರು ಎರಡೂ ಅಂಗೈಯನ್ನು ಟ್ಯೂಬಿನ ಮೇಲೆ ಸವರಿ ಕಣ್ಣಿಗೊತ್ತಿಕೊಂಡರು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ಪುಟ್ಟಿಯ ತಟ್ಟೆಗೆ ಹಾಕಿದರು. ನಾನು ತುಟಿ ಕಚ್ಚಿಕೊಂಡೆ.

ಮೇಷ್ಟ್ರು ಅಳುಕುತ್ತಲೇ, “ಅಮ್ಮ, ಮನೆ ಹೇಗಿದೆ?” ಅಂದರು.

“ಮಂಗಳಾರತಿ ಆದ್ಮೇಲೆ ಏನು ಕೇಳ್ತೀಯೋ. ಅಡ್ವಾನ್ಸ್ ಕೊಟ್ಟು ಬಾ.”

ಇಷ್ಟು ಹೇಳಿ, ಬಲಗೈ ಗುಳಿ ಮಾಡಿ ಪೇಂಟರ್ ಮುಂದೆ ಚಾಚಿದರು.

ಆತ ಒಂದು ಕ್ಷಣವೂ ತಡವರಿಸಲಿಲ್ಲ. ತಲೆ ಬಾಗಿಸಿ, ಮೆತ್ತಗೆ, “ತೀರ್ಥ ನಾಳೆ, ಅಮ್ಮ. ಟ್ಯಾಂಕಿಗೆ ಇನ್ನೂ ನೀರು ಬಿಟ್ಟಿಲ್ಲ” ಅಂದ.